ಬೆನ್ನಿಗೊಂದು ಬ್ಯಾಗು, ಕೈಗೊಂದು ಕೆಲಸ

ಬ್ಯಾಗು ಹಾಕಿಕೊಂಡು ನಾಲ್ಕಾರು ದೇಶ ಸುತ್ತಬೇಕು, ಹೋದ ಕಡೆ ಏನಾದರೂ ಸೇವೆ ಮಾಡಬೇಕು ಅನ್ನೋ ಆಸೆ ಇರೋ ಹುಡುಗರು, ಹುಡುಗಿಯರು ಶಿವಮೊಗ್ಗದಲ್ಲಿ ಈಗ ತುಂಬಾ ಜನ ಸಿಗುತ್ತಾರೆ. ನಾವು ಹೀಗೇ ಐದು ದೇಶ ಸುತ್ತಿ ಬಂದ ಮೇಲೆ ಎಲ್ಲರೂ ಕೇಳೋದು ಖರ್ಚಿನ ಬಗ್ಗೆ, ವೀಸಾ ಬಗ್ಗೆ, ಯಾವ ಸಂಸ್ಥೆ ಒಳ್ಳೆಯದು ಅನ್ನೋದರ ಬಗ್ಗೆ. ಅದನ್ನೆಲ್ಲ ಹೇಳಬಹುದು. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಮಾತು ಬೇರೆ ಇದೆ. ನೀವು ಮಾಡೋ ಕೆಲಸ ಅಲ್ಲಿಯವರಿಗೆ ನಿಜಕ್ಕೂ ಬೇಕಾ? ನೀವು ವಾಪಸ್ ಬಂದುಬಿಟ್ಟ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಇದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಹೋಗಿ. ಸಿಗದಿದ್ದರೆ ಸುಮ್ನೆ ಊರು ನೋಡಿಕೊಂಡು ಬನ್ನಿ, ಅದರಲ್ಲಿ ತಪ್ಪೇನೂ ಇಲ್ಲ.

ನಾವು ಹೋಗಿದ್ದು ನಾಲ್ಕು ಜನ. ನಾನು ತೀರ್ಥಹಳ್ಳಿ ಕಡೆಯವನು, ಮನೆಯಲ್ಲಿ ಅಡಿಕೆ, ಕಾಳುಮೆಣಸು. ಸಾಗರದ ಗೆಳೆಯ ಖಾಸಗಿ ಶಾಲೆಯ ಮೇಷ್ಟ್ರ ಕೆಲಸ ಬಿಟ್ಟು ಮುಂದೇನು ಅಂತ ಯೋಚಿಸುತ್ತಿದ್ದ. ಕೊಪ್ಪದ ಗೆಳತಿ ನರ್ಸ್. ಹೊಸನಗರದವನದ್ದು ಸಸಿಗಳ ನರ್ಸರಿ ಇದೆ. ಶ್ರೀಲಂಕಾ, ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ, ಕೊನೆಗೆ ಇಂಡೋನೇಷ್ಯಾದ ಬಾಲಿ. ಅಡಿಕೆ ಸುಗ್ಗಿ ಮುಗಿಸಿ ಹೊರಟೆವು, ಮಳೆ ಹಿಡಿಯೋದರೊಳಗೆ ವಾಪಸ್ ಬರಬೇಕು ಅಂತ ಮೊದಲೇ ಮಾತಾಗಿತ್ತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯೋ ಹೊತ್ತಿಗೆ ಮನೆಯಲ್ಲಿ ಇರಲೇಬೇಕಲ್ವಾ.

"ಇಲ್ಲಿ ಅಡಿಕೆ ಕೊನೆಕೊಯ್ಲಿಗೆ ಆಳು ಸಿಗದೆ ಒದ್ದಾಡ್ತಾ ಇದೀವಿ, ನೀನು ಯಾರದ್ದೋ ಊರಿಗೆ ಹೋಗಿ ಬಿಟ್ಟಿ ಕೆಲಸ ಮಾಡ್ತೀಯೇನೋ?" ಅಂತ ಅಪ್ಪಯ್ಯ ಕೇಳಿದ್ದರು. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ್ದು. ಆ ಮಾತು ದಾರಿಯುದ್ದಕ್ಕೂ ನನಗೆ ಉಪಯೋಗಕ್ಕೆ ಬಂತು. ಈ ಕೆಲಸಕ್ಕೆ ಇಲ್ಲಿ ಆಳು ಇಲ್ಲವಾ, ಇಲ್ಲಾ ಇರೋ ಆಳಿನ ಕೂಲಿಯನ್ನು ನಾವು ತಪ್ಪಿಸುತ್ತಿದ್ದೀವಾ ಅಂತ ಹೋದಲ್ಲೆಲ್ಲ ನೋಡೋದು ಅಭ್ಯಾಸವಾಯಿತು.

ವೀಸಾ ವಿಷಯ ಒಂದು ಹೇಳಿಬಿಡುತ್ತೇನೆ. ದುಡ್ಡು ತಗೊಳ್ಳದೆ ಮಾಡಿದರೂ ಅದು ಕೆಲಸವೇ ಅಂತ ಹಲವು ದೇಶಗಳ ಕಾನೂನು ಹೇಳುತ್ತದೆ. ಥಾಯ್ಲೆಂಡಿನಲ್ಲಿ ಸ್ವಯಂಸೇವಕರಿಗೂ ವರ್ಕ್ ಪರ್ಮಿಟ್ ಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸಕ್ಕೆ ನಿಲ್ಲೋ ಹಾಗಿಲ್ಲ. ಹಾಗಾಗಿ ಕಾಗದಪತ್ರ ಸರಿಯಾಗಿ ಮಾಡಿಸಿಕೊಟ್ಟ ಕಡೆ ಮಾತ್ರ ನಾವು ಕೆಲಸಕ್ಕೆ ನಿಂತೆವು, ಉಳಿದ ಕಡೆ ಪ್ರವಾಸಿಗಳಾಗಿಯೇ ಇದ್ದೆವು. "ಅದೆಲ್ಲ ಯಾರೂ ನೋಡಲ್ಲ, ಬನ್ನಿ" ಅನ್ನೋ ಸಂಸ್ಥೆಗಳಿಂದ ದೂರ ಇರಿ.

ಶ್ರೀಲಂಕಾದಲ್ಲಿ ನಾವಿದ್ದದ್ದು ದಕ್ಷಿಣದ ಕಡಲತೀರದಲ್ಲಿ, ತಂಗಾಲೆ ಹತ್ತಿರದ ರೆಕವಾ. ಜಗತ್ತಿನಲ್ಲಿರೋ ಏಳು ಜಾತಿಯ ಕಡಲಾಮೆಗಳಲ್ಲಿ ಐದು ಜಾತಿ ಶ್ರೀಲಂಕಾದ ತೀರಗಳಿಗೆ ಬಂದು ಮೊಟ್ಟೆ ಇಡುತ್ತವೆ. ರೆಕವಾಕ್ಕೆ ಜಾಸ್ತಿ ಬರೋದು ಹಸಿರು ಕಡಲಾಮೆ. ನಮ್ಮ ಕೆಲಸ ತುಂಬಾ ಸಾದಾ. ಬೆಳಿಗ್ಗೆ ದಡಕ್ಕೆ ಬಂದು ಬಿದ್ದ ಪ್ಲಾಸ್ಟಿಕ್, ಹರಿದ ಮೀನುಬಲೆ ಆರಿಸೋದು. ಸಂಜೆ ಪ್ರವಾಸಿಗಳಿಗೆ ಫೋನಿನ ಲೈಟು ಹಾಕಬೇಡಿ ಅಂತ ಹೇಳೋದು. ರಾತ್ರಿ ಊರಿನ ಕಾವಲಿನವರ ಹಿಂದೆ ಮರಳಲ್ಲಿ ನಡೆಯೋದು, ಟಾರ್ಚ್ ಇಲ್ಲದೆ.

ಕತ್ತಲೆಗೆ ಕಣ್ಣು ಹೊಂದಿಕೊಂಡರೆ ಎಲ್ಲ ಕಾಣುತ್ತದೆ. ಒಂದು ರಾತ್ರಿ ಆಮೆ ಗುಂಡಿ ತೋಡುವಾಗ ಅದರ ಹಿಂದೆಯೇ ಮಲಗಿಕೊಂಡು ನೋಡಿದೆ. ಹಿಂದಿನ ಕಾಲು, ಅದು ಈಜೋಕೆ ಇರೋ ಅಗಲವಾದ ಹುಟ್ಟಿನಂಥ ಕಾಲು, ಅದನ್ನು ಬೊಗಸೆ ಮಾಡಿ ಮಡಚಿ ಒಂದು ಹಿಡಿ ಮರಳು ಎತ್ತಿ ಪಕ್ಕಕ್ಕೆ ಹಾಕುತ್ತದೆ. ಆಮೇಲೆ ಇನ್ನೊಂದು ಕಾಲು. ಒಂದಾದ ಮೇಲೆ ಒಂದು, ಅವಸರವೇ ಇಲ್ಲ, ಗುಂಡಿಯ ಗೋಡೆ ಒಂದು ಚೂರೂ ಕುಸಿಯೋಲ್ಲ. ತಾನು ತೋಡಿದ್ದನ್ನು ಅದು ತಿರುಗಿ ನೋಡೋದೂ ಇಲ್ಲ. ಹೆಚ್ಚುಕಮ್ಮಿ ನೂರು ಮೊಟ್ಟೆ ಇಟ್ಟು, ಮುಚ್ಚಿ, ಸುತ್ತ ಮರಳು ಚೆಲ್ಲಾಡಿ ಗುರುತು ಸಿಗದ ಹಾಗೆ ಮಾಡಿ ಕಡಲಿಗೆ ಹೋಗುತ್ತದೆ. ಸುಮಾರು ಎರಡು ತಿಂಗಳಿಗೆ ಮರಿ ಹೊರಗೆ ಬರುತ್ತವೆ. ಬೆಳಕು ಎಲ್ಲಿ ಜಾಸ್ತಿಯೋ ಅದೇ ಕಡಲು ಅಂತ ಮರಿಗಳು ಆ ಕಡೆ ಓಡುತ್ತವೆ. ರೆಸಾರ್ಟಿನ ಲೈಟು ಹೆಚ್ಚಿದ್ದರೆ ರಸ್ತೆ ಕಡೆಗೇ ಹೋಗಿ ಸಾಯುತ್ತವೆ. ಮರಳು ಹೆಚ್ಚು ಬಿಸಿಯಾದರೆ ಹುಟ್ಟೋದರಲ್ಲಿ ಹೆಣ್ಣೇ ಜಾಸ್ತಿ, ಅಂದರೆ ಬೇಸಿಗೆ ಬಿರುಸಾದಷ್ಟೂ ಗಂಡು ಕಮ್ಮಿಯಾಗುತ್ತಾ ಹೋಗುತ್ತವೆ.

ಪಶ್ಚಿಮ ತೀರದ ಕೊಸ್ಗೊಡ ಕಡೆ ಆಮೆ ಮರಿ ಮಾಡಿಸೋ ಹ್ಯಾಚರಿಗಳು ಸಾಲಾಗಿವೆ. ಒಳ್ಳೆಯವೂ ಇರಬಹುದು. ಆದರೆ ಹುಟ್ಟಿದ ಮರಿಗಳನ್ನು ದಿನಗಟ್ಟಲೆ ತೊಟ್ಟಿಯಲ್ಲಿ ಇಟ್ಟು, ಪ್ರವಾಸಿಗಳ ಕೈಗೆ ಕೊಟ್ಟು ಫೋಟೋ ತೆಗೆಸಿ, ಆಮೇಲೆ ಹಗಲಲ್ಲಿ ಕಡಲಿಗೆ ಬಿಡಿಸೋದನ್ನು ಸೇವೆ ಅಂತ ಕರೆಯೋಕೆ ನನಗೆ ಮನಸ್ಸು ಬರೋಲ್ಲ. ಹುಟ್ಟಿದ ಮೊದಲ ಗಂಟೆಗಳಲ್ಲಿ ಮರಿಗೆ ಇರೋ ಕಸುವು ದಡದಿಂದ ದೂರ ಈಜಿಕೊಂಡು ಹೋಗೋದಕ್ಕೆ. ತೊಟ್ಟಿಯ ಗೋಡೆಗೆ ಬಡಿದುಕೊಂಡು ಅದು ಅಲ್ಲೇ ಮುಗಿದುಹೋಗುತ್ತದೆ.

ಅಲ್ಲಿ ಇನ್ನೊಂದು ಸಿಕ್ಕಿತು. ನಮ್ಮ ಕಾಡಲ್ಲಿ ಇರೋ ಬಗನಿ ಮರ ಅಲ್ಲಿ ಕಿತುಲ್. ನಮ್ಮ ಕಡೆ ಅದರಿಂದ ಕಳ್ಳು ಇಳಿಸೋದು ಗೊತ್ತು. ಅವರು ಆ ನೀರಾವನ್ನು ಕಾಯಿಸಿ ಕಾಯಿಸಿ ಕಪ್ಪಗಿನ ಪಾಕ ಮಾಡಿ ಎಮ್ಮೆ ಮೊಸರಿನ ಮೇಲೆ ಸುರಿದುಕೊಂಡು ತಿನ್ನುತ್ತಾರೆ. ನೋಡೋಕೆ ನಮ್ಮ ಜೋನಿ ಬೆಲ್ಲದ ಹಾಗೇ, ಬಾಯಿಗಿಟ್ಟರೆ ಸ್ವಲ್ಪ ಹೊಗೆಯ ವಾಸನೆ. ಹೊಸನಗರದವನು ಮಣ್ಣಿನ ಕುಡಿಕೆ ಮುಂದಿಟ್ಟುಕೊಂಡು, "ಮಾರಾಯ, ಇದು ನಮ್ಮೂರಲ್ಲಿ ಯಾಕಿಲ್ಲ?" ಅಂತ ಕೇಳಿದ್ದಕ್ಕೆ ನಮ್ಮ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಥಾಯ್ಲೆಂಡಲ್ಲಿ ಜಾಸ್ತಿ ದಿನ ಇರಲಿಲ್ಲ. ಚಿಯಾಂಗ್ ಮಾಯ್ ಸುತ್ತ ಆನೆ ಶಿಬಿರಗಳೋ ಶಿಬಿರಗಳು. ಸಕ್ರೆಬೈಲಿನಲ್ಲಿ ತುಂಗೆಯ ಹಿನ್ನೀರಿಗೆ ಆನೆ ಇಳಿಯೋದನ್ನು ನೋಡಿಕೊಂಡು ಬೆಳೆದ ನಮಗೆ ಆನೆ ಹೊಸದಲ್ಲ, ಆದರೆ ಅಲ್ಲಿನ ಕಥೆ ಬೇರೆ. 1989ರಲ್ಲಿ ಅಲ್ಲಿನ ಸರ್ಕಾರ ಕಾಡಿನ ಮರ ಕಡಿಯೋದನ್ನು ನಿಷೇಧಿಸಿತು. ದಿಮ್ಮಿ ಎಳೆಯುತ್ತಿದ್ದ ಆನೆಗಳಿಗೂ ಮಾವುತರಿಗೂ ಒಮ್ಮೆಗೇ ಕೆಲಸ ಹೋಯಿತು, ಪ್ರವಾಸಿಗಳೇ ಅವರ ಅನ್ನವಾದರು. ಅದಕ್ಕೇ ಮಾವುತನನ್ನು ಕೆಟ್ಟವನು ಅಂದು ಬರೆದುಬಿಡೋದು ಸರಿಯಲ್ಲ. ಆನೆ ಮೇಲೆ ಕೂರಿಸೋ ಕಡೆ ನಾವು ಹೋಗಲಿಲ್ಲ, ದೂರ ನಿಂತು ನೋಡೋಕೆ ಬಿಡೋ ಒಂದು ಕಡೆ ಟಿಕೆಟ್ ತಗೊಂಡು ನೋಡಿದೆವು, ಅಷ್ಟೆ.

ಕಾಂಬೋಡಿಯಾ ಬಗ್ಗೆ ಹೇಳಲೇಬೇಕು. ಸಾಗರದ ಗೆಳೆಯನಿಗೆ ಅಲ್ಲಿ ಅನಾಥಾಶ್ರಮದಲ್ಲಿ ಇಂಗ್ಲಿಷ್ ಪಾಠ ಹೇಳಬೇಕು ಅಂತ ಆಸೆ ಇತ್ತು. ಹೊರಡೋ ಮುಂಚೆಯೇ ನಾವು ಕೂತು ಓದಿದೆವು. ಅಲ್ಲಿನ ಸರ್ಕಾರ ಮತ್ತು ಯುನಿಸೆಫ್ ಸೇರಿ 2011ರಲ್ಲಿ ಹೊರತಂದ ವರದಿ ಪ್ರಕಾರ ಆಶ್ರಮದಲ್ಲಿದ್ದ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರ ಅಪ್ಪನೋ ಅಮ್ಮನೋ ಬದುಕಿದ್ದರು. ಅದಕ್ಕೂ ಮುಂಚಿನ ಐದು ವರ್ಷಗಳಲ್ಲಿ ಆಶ್ರಮಗಳ ಸಂಖ್ಯೆ ಶೇ 75ರಷ್ಟು ಏರಿತ್ತು. ಪ್ರವಾಸಿಗಳು ಬರುತ್ತಾರೆ, ದುಡ್ಡು ಕೊಡುತ್ತಾರೆ, ಅದಕ್ಕೆ ಆಶ್ರಮ ಬೇಕು, ಆಶ್ರಮಕ್ಕೆ ಮಕ್ಕಳು ಬೇಕು, ಬಡವರ ಮನೆಯಿಂದ ಓದಿಸುತ್ತೀವಿ ಅಂತ ಕರೆದುಕೊಂಡು ಬರುತ್ತಾರೆ. ಎರಡು ವಾರಕ್ಕೊಬ್ಬ ಹೊಸ ಅಣ್ಣ, ಹೊಸ ಅಕ್ಕ ಬಂದು ಅಪ್ಪಿಕೊಂಡು ಮುದ್ದಾಡಿ ಹೋಗಿಬಿಟ್ಟರೆ ಆ ಮಗುವಿನ ಗತಿ ಏನು? ನಮ್ಮ ಹಳ್ಳಿಯ ಶಾಲೆಗೆ ಯಾರೋ ಗೊತ್ತಿಲ್ಲದವರು ಬಂದು, ಗುರುತು ಪರಿಚಯ ಏನೂ ಕೇಳದೆ, ಮಕ್ಕಳ ಜೊತೆ ಇರ್ತೀವಿ ಅಂದರೆ ಬಿಡುತ್ತೀವಾ? ಅವನು ಹೋಗಲಿಲ್ಲ. ನಾನು ಯಾರಿಗೂ ಹೋಗಬೇಡಿ ಅಂತ ಖಡಾಖಂಡಿತವಾಗಿ ಹೇಳೋದು ಇದೊಂದಕ್ಕೇ.

ಕೊಪ್ಪದ ಗೆಳತಿಯೂ ಅಷ್ಟೇ. ನರ್ಸ್ ಅಂತ ಗೊತ್ತಾದ ಮೇಲೆ ಒಂದೆರಡು ಕಡೆ ಕ್ಯಾಂಪಿಗೆ ಬನ್ನಿ ಅಂತ ಕರೆದರು. ಆ ದೇಶದ ಲೈಸೆನ್ಸ್ ಇಲ್ಲದೆ, ರೋಗಿಯ ಭಾಷೆ ಬರದೆ ನಾನು ಯಾರಿಗೂ ಸೂಜಿ ಚುಚ್ಚೋಲ್ಲ ಅಂದಳು. ಅವಳ ಮೇಲೆ ನನಗೆ ಗೌರವ ಜಾಸ್ತಿಯಾಗಿದ್ದು ಆಗ.

ಸಿಯಮ್ ರೀಪಿನಲ್ಲಿ ಅಂಗ್ಕೋರ್ ವಾಟ್ ನೋಡೋಕೆ ಎಲ್ಲರೂ ಹೋಗುತ್ತಾರೆ, ಹೋಗಲೇಬೇಕು. ಅದೇ ಊರಲ್ಲಿ ನೆಲಬಾಂಬು ಹುಡುಕೋ ಇಲಿಗಳ ಕೇಂದ್ರ ಇದೆ, ಅಪೋಪೋ ಸಂಸ್ಥೆಯದ್ದು. ಅದನ್ನೂ ನೋಡಿ. ಹಳೆಯ ಯುದ್ಧಗಳ ಕಾಲದಲ್ಲಿ ಹೂತ ನೆಲಬಾಂಬುಗಳು ಇನ್ನೂ ಗದ್ದೆಗಳಲ್ಲಿವೆ. ಆಫ್ರಿಕಾದ ಈ ದೊಡ್ಡ ಇಲಿಗಳು ಬಾಂಬು ಸಿಡಿಯುವಷ್ಟು ಭಾರ ಇಲ್ಲ, ಸ್ಫೋಟಕದ ವಾಸನೆ ಹಿಡಿದು ನೆಲ ಕೆರೆದು ತೋರಿಸುತ್ತವೆ. ಒಂದು ಟೆನಿಸ್ ಅಂಗಳದಷ್ಟು ಜಾಗವನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತವೆ, ಮನುಷ್ಯ ಯಂತ್ರ ಹಿಡಿದು ಹುಡುಕಿದರೆ ನಾಲ್ಕು ದಿನದವರೆಗೂ ಹಿಡಿಯುತ್ತದೆ. ಮಗಾವಾ ಅನ್ನೋ ಇಲಿಗೆ 2020ರಲ್ಲಿ ಬ್ರಿಟನ್ನಿನ ಒಂದು ಸಂಸ್ಥೆ ಚಿನ್ನದ ಪದಕ ಕೊಟ್ಟಿತ್ತು. ಅಲ್ಲಿ ನಮ್ಮಂಥವರು ಮಾಡೋಕೆ ಕೆಲಸ ಏನೂ ಇಲ್ಲ. ಟಿಕೆಟಿನ ದುಡ್ಡು ಕೊಟ್ಟು, ಕೇಳಿಸಿಕೊಂಡು ಬರೋದೇ ಸಹಾಯ.

ವಿಯೆಟ್ನಾಂ ನನಗೆ ತುಂಬಾ ಹತ್ತಿರವಾದ ದೇಶ. ಕಾಳುಮೆಣಸಿನ ರೇಟು ಬಿದ್ದಾಗೆಲ್ಲ ನಮ್ಮೂರಲ್ಲಿ ಬೈಸಿಕೊಳ್ಳೋದು ವಿಯೆಟ್ನಾಂ ಮೆಣಸು. ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯೋದು ಅವರೇ. ಹೊರಗಿನ ಮೆಣಸು ಅಗ್ಗಕ್ಕೆ ಬಂದು ಬೀಳುತ್ತದೆ ಅಂತಲೇ 2017ರ ಡಿಸೆಂಬರಿನಲ್ಲಿ ನಮ್ಮ ಸರ್ಕಾರ ಕಿಲೋಗೆ 500 ರೂಪಾಯಿಗಿಂತ ಕಮ್ಮಿ ಬೆಲೆಗೆ ತರಿಸೋ ಹಾಗಿಲ್ಲ ಅಂತ ನಿಯಮ ಮಾಡಿತು. ಹಾಗಾಗಿ ಡಾಕ್ ಲಾಕ್ ಪ್ರಾಂತ್ಯದಲ್ಲಿ ಒಬ್ಬ ರೈತರ ಮನೆಯಲ್ಲಿ ಉಳಿದುಕೊಂಡಾಗ ನಾನು ಮೊದಲು ಓಡಿದ್ದು ತೋಟಕ್ಕೆ. ನಮ್ಮಲ್ಲಿ ಬಳ್ಳಿ ಅಡಿಕೆ ಮರಕ್ಕೋ ಸಿಲ್ವರ್ ಓಕಿಗೋ ಹಬ್ಬುತ್ತದೆ, ಅಲ್ಲಿ ಬರೀ ಮೆಣಸಿಗೆ ಅಂತಲೇ ಸಾಲು ಸಾಲು ಸಿಮೆಂಟ್ ಕಂಬ. ಬಳ್ಳಿಗೆ ಗೊಬ್ಬರ, ನೀರು, ಆರೈಕೆ ಎಲ್ಲ ಜೋರು. ಆದರೆ ಪಕ್ಕದ ಸಾಲಿನಲ್ಲಿ ಕಂಬ ಮಾತ್ರ ನಿಂತಿದೆ, ಬಳ್ಳಿ ಇಲ್ಲ. ಸೊರಗು ರೋಗ. 2015ರ ಹೊತ್ತಿಗೆ ರೇಟು ಏರಿದಾಗ ಎಲ್ಲರೂ ಸಾಲ ಮಾಡಿ ಮೆಣಸು ಹಾಕಿದರು, ಆಮೇಲೆ ರೇಟೂ ಬಿತ್ತು, ಬಳ್ಳಿಯೂ ಸತ್ತಿತು. ಈಗ ಕಂಬದ ಮಧ್ಯೆ ದುರಿಯನ್ ಸಸಿ. 2022ರಲ್ಲಿ ಚೀನಾ ಅವರ ದುರಿಯನ್ ಹಣ್ಣನ್ನು ಅಧಿಕೃತವಾಗಿ ತಗೊಳ್ಳೋಕೆ ಶುರು ಮಾಡಿದ ಮೇಲೆ ಎಲ್ಲರ ಕಣ್ಣೂ ಅದರ ಮೇಲೆ. ಗದ್ದೆ ಮುಚ್ಚಿ ಅಡಿಕೆ ಹಾಕುತ್ತಿರೋ ನಮ್ಮ ಕಡೆಯವರು ಇದನ್ನು ಒಮ್ಮೆ ನೋಡಬೇಕು.

ಹೊಸನಗರದವನಿಗೆ ಕಸಿ ಚೆನ್ನಾಗಿ ಬರುತ್ತದೆ. ಬ್ರೆಜಿಲ್ ಹಿಪ್ಪಲಿ ಗಿಡಕ್ಕೆ ಮೆಣಸಿನ ಬಳ್ಳಿ ಕಸಿ ಕಟ್ಟಿದರೆ ಆ ಬೇರು ನೀರು ನಿಂತರೂ ತಡೆಯುತ್ತದೆ, ಸೊರಗು ರೋಗಕ್ಕೆ ಸುಲಭಕ್ಕೆ ಬಗ್ಗೋಲ್ಲ. ಊಟ ಆದ ಮೇಲೆ ಜಗಲಿಯಲ್ಲಿ ಕೂತು, ಹಿತ್ತಲಿನ ವೀಳ್ಯದ ಬಳ್ಳಿಯ ತುಂಡು ತಗೊಂಡು ಅವನು ತೋರಿಸಿದ. ಬ್ಲೇಡಲ್ಲಿ ಕುಡಿಯನ್ನು ಎರಡೂ ಕಡೆ ಚೂಪಾಗಿ ಕೆತ್ತಿದ, ಬೇರಿನ ಕಡೆಯ ದಂಟನ್ನು ಸೀಳಿದ, ಕುಡಿಯನ್ನು ಅದರೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದ, ಮೇಲಿಂದ ಕವರು ಕಟ್ಟಿದ. ಮನೆಯ ಯಜಮಾನರು ಬ್ಲೇಡು ಇಸಿದುಕೊಂಡು ತಾವೇ ಕೆತ್ತಿ, ಸರಿಯಾ ಅನ್ನೋ ಹಾಗೆ ಅವನ ಮುಖ ನೋಡಿದರು. ಫೋನಿನ ಅನುವಾದ ಆ್ಯಪ್ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಬದಲಿಗೆ ಅವರು ನಮಗೆ ಬೇಸಿಗೆಯಲ್ಲಿ ಬಳ್ಳಿ ಬುಡಕ್ಕೆ ಮುಚ್ಚಿಗೆ ಹೇಗೆ ಮಾಡೋದು ಅಂತ ತೋಟಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಇಡೀ ಪ್ರಯಾಣದಲ್ಲಿ ಇದಕ್ಕಿಂತ ಒಳ್ಳೆಯ ಸೇವೆ ನಾವು ಬೇರೆಲ್ಲೂ ಮಾಡಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಯಾವ ಸಂಸ್ಥೆಗೂ ಫೀಸು ಕಟ್ಟಿರಲಿಲ್ಲ, ಯಾರ ಕೂಲಿಯೂ ತಪ್ಪಲಿಲ್ಲ.

ಸಸ್ಯಾಹಾರಿಗಳು ವಿಯೆಟ್ನಾಮಿನಲ್ಲಿ ಹೆದರಬೇಕಾಗಿಲ್ಲ. "ಚಾಯ್" ಅಂತ ಬೋರ್ಡಿರೋ ಹೋಟೆಲು ಹುಡುಕಿ, ಅಲ್ಲಿ ಸಿಗೋದು ಬೌದ್ಧರ ಸಸ್ಯಾಹಾರ.

ಬಾಲಿಯಲ್ಲಿ ಸುಬಕ್ ಅಂತ ನೀರು ಹಂಚಿಕೊಳ್ಳೋ ವ್ಯವಸ್ಥೆ ಇದೆ. ಗದ್ದೆಯವರೆಲ್ಲ ಸೇರಿ, ನೀರಿನ ದೇವಸ್ಥಾನವನ್ನು ಮಧ್ಯೆ ಇಟ್ಟುಕೊಂಡು, ಯಾವ ಗದ್ದೆಗೆ ಯಾವಾಗ ನೀರು ಅಂತ ತೀರ್ಮಾನ ಮಾಡುತ್ತಾರೆ. 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಆ ಗದ್ದೆಗಳ ಪಕ್ಕಕ್ಕೇ ಈಗ ವಿಲ್ಲಾಗಳು ಬಂದು ನಿಂತಿವೆ. ನಾವು ಗದ್ದೆಯ ಅಂಚಿನಲ್ಲಿ ನಡೆದಾಡಿಕೊಂಡು, ಅಂಗಡಿಯಲ್ಲಿ ಉಂಡು ದುಡ್ಡು ಕೊಟ್ಟು ಬಂದೆವು.

ಈಗ ನಾವು ನೋಡುತ್ತಿರೋದು ಹತ್ತಿರದ ಕಡೆಗೆ. ಹೊನ್ನಾವರದ ಕಾಸರಕೋಡು ತೀರಕ್ಕೂ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡೋಕೆ ಬರುತ್ತವೆ, ಸಾಗರದಿಂದ ಜೋಗದ ಮೇಲೆ ಘಟ್ಟ ಇಳಿದರೆ ಆಯಿತು. ಅಲ್ಲಿನ ಮೀನುಗಾರರನ್ನೂ ಅರಣ್ಯ ಇಲಾಖೆಯವರನ್ನೂ ಮೊದಲು ಕೇಳುತ್ತೇವೆ. ಬೇಕು ಅಂದರೆ ಮಾತ್ರ ಮಳೆಗಾಲ ಕಳೆದ ಮೇಲೆ ಹೋಗೋದು. ರಾತ್ರಿ ನಿದ್ದೆ ಬಿಟ್ಟು, ಬೆಳಿಗ್ಗೆ ಕಸ ಆರಿಸೋಕೆ ತಯಾರಿರೋರು ಯಾರಾದರೂ ಇದ್ದರೆ ಹೇಳಿ. ಕಾರಿನಲ್ಲಿ ಇನ್ನೊಬ್ಬರಿಗೆ ಜಾಗ ಇದೆ.