ದೊಡ್ಡಮ್ಮನ ಮಳೆಗಾಲ

ದೊಡ್ಡಮ್ಮನನ್ನು ಮನೋವೈದ್ಯರಿಗೆ ತೋರಿಸೋಣ ಅಂದಾಗ ಅವರ ಮಗ, ನನ್ನ ಅಣ್ಣ, ರೇಗಿದ. "ಅಮ್ಮನಿಗೆ ತಲೆ ಸರಿ ಇಲ್ಲ ಅಂತ ಊರಿಗೆಲ್ಲ ಸಾರುವುದಾ ಮಾರಾಯ?" ಅಷ್ಟರಲ್ಲಿ ನೂಲು ಕಟ್ಟಿಸಿ ಆಗಿತ್ತು, ಪ್ರಶ್ನೆ ಇಡಿಸಿ ಆಗಿತ್ತು. ಅದಕ್ಕೆ ನನ್ನ ತಕರಾರೇನಿಲ್ಲ. ಆದರೆ ದೊಡ್ಡಮ್ಮನಿಗೆ ನಿದ್ದೆ ಮಾತ್ರ ಬಂದಿರಲಿಲ್ಲ.

ಅವರ ಮನೆ ಉಡುಪಿಯ ಕಲ್ಸಂಕದ ತೋಡಿನ ಬದಿ. 2020ರ ಸೆಪ್ಟೆಂಬರ್ 20, ಭಾನುವಾರ, ಬೆಳಗಾಗುವ ಮೊದಲೇ ಚಾವಡಿಗೆ ನೀರು ನುಗ್ಗಿತು. ಕರೆಂಟಿಲ್ಲ. ಮಂಚದಿಂದ ಕಾಲು ಇಳಿಸಿದರೆ ಮೊಣಕಾಲುದ್ದ ನೀರು. ಅಣ್ಣ ಅವರನ್ನು ಹೊತ್ತುಕೊಂಡು ಮೇಲಿನ ರಸ್ತೆಗೆ ತಂದ. ಯಾರಿಗೂ ಏನೂ ಆಗಲಿಲ್ಲ. "ಜೀವ ಉಳಿಯಿತಲ್ಲ, ಇನ್ನೇನು" ಅಂದರು ಎಲ್ಲರೂ.

ಆಮೇಲಿನ ಮಳೆಗಾಲಗಳಲ್ಲಿ, ಹಂಚಿನ ಮೇಲೆ ಮಳೆ ಜೋರಾದ ಕೂಡಲೇ ದೊಡ್ಡಮ್ಮ ಏಳುತ್ತಿದ್ದರು. ಮಂಚದಿಂದಲೇ ಬಗ್ಗಿ ಅಂಗೈಯಲ್ಲಿ ನೆಲ ಸವರುವುದು. ನೀರಿಲ್ಲ. ಟಾರ್ಚ್ ಹಾಕಿ ನೋಡುವುದು. ಇಲ್ಲ. ಮತ್ತೆ ಸವರುವುದು. ಮೈಯೆಲ್ಲ ಬೆವರು. ಸಂಜೆ ಮೋಡ ಕಟ್ಟಿದರೆ ಊಟ ಸೇರದು, ಎಲ್ಲರ ಮೇಲೂ ಸುಮ್ನೆ ಸಿಡುಕು. ವಯಸ್ಸಾಯಿತು ಅಂದರು ನೆಂಟರು. ನೆರೆಯ ಮಾತೆತ್ತಿದರೆ ಎದ್ದು ಒಳಗೆ ಹೋಗುವುದೂ ವಯಸ್ಸಿನಿಂದಲಾ?

ಮಣಿಪಾಲದ ಡಾಕ್ಟರ್ ಆ ರಾತ್ರಿ ಏನಾಯಿತು ಹೇಳಿ ಅಂತ ಒತ್ತಾಯಿಸಲಿಲ್ಲ. ನಿದ್ದೆ, ಊಟ, ಎದೆಬಡಿತ ವಿಚಾರಿಸಿದರು. ಇದು ಪಿ.ಟಿ.ಎಸ್.ಡಿ., ಅಂದರೆ ದೊಡ್ಡ ಆಘಾತ ಕಳೆದ ಮೇಲೂ ಅದರ ಭಯ ಬಿಡದೆ ಕಾಡುವ ಕಾಯಿಲೆ ಅಂದಾಗ, "ಅದು ಮಿಲಿಟರಿಯವರಿಗೆ ಬರುವುದಲ್ವಾ?" ಅಂದ ಅಣ್ಣ. (ಕೊನೆಗೆ ಕಾರು ಓಡಿಸಿಕೊಂಡು ಬಂದದ್ದು ಅವನೇ.) 1980ರಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದಕ್ಕೆ ವಿಯೆಟ್ನಾಂ ಯುದ್ಧದ ಸೈನಿಕರ ಕಷ್ಟವೂ ಒಂದು ಕಾರಣ, ಹೌದು. ಆದರೆ ಅಪಘಾತ, ಹಲ್ಲೆ, ನೆರೆಯಿಂದಲೂ ಬರುತ್ತದೆ. ಮಿದುಳಿನಲ್ಲಿ ಅಮಿಗ್ಡಲಾ ಅಂತ ಸಣ್ಣದೊಂದು ಭಾಗ. ಅಪಾಯದ ಸುಳಿವು ಸಿಕ್ಕರೆ ಮೈಯನ್ನೆಲ್ಲ ಎಬ್ಬಿಸುವ ಕೆಲಸದಲ್ಲಿ ಅದರದ್ದು ದೊಡ್ಡ ಪಾಲು. ದೊಡ್ಡಮ್ಮನಿಗೆ ಮಳೆ ಸದ್ದೇ ಆ ಸುಳಿವು. ಯೋಚನೆ ಮಾಡುವಷ್ಟರಲ್ಲಿ ಮೈ ಎದ್ದಾಗಿರುತ್ತದೆ. ಹಾಗಿರುವಾಗ ನಡುರಾತ್ರಿ ನಮ್ಮ "ಹೆದರಬೇಡಿ" ಎಲ್ಲಿ ನಾಟಬೇಕು?

ಮಾತ್ರೆ ಸ್ವಲ್ಪ, ಕೌನ್ಸೆಲಿಂಗ್ ಜಾಸ್ತಿ. ಅಲ್ಲಿ ಹಾಡುಹಗಲಲ್ಲಿ, ಮೊಬೈಲಿನಲ್ಲಿ ಮಳೆ ಸದ್ದನ್ನು ಮೊದಲು ಸಣ್ಣಗೆ, ಆಮೇಲೆ ತುಸು ಜೋರಾಗಿ ಕೇಳಿಸುತ್ತಾರೆ. "ಉಡುಪಿಯಲ್ಲಿ ದುಡ್ಡು ಕೊಟ್ಟು ಮಳೆ ಕೇಳಬೇಕಾ!" ಅಂತ ದೊಡ್ಡಮ್ಮ ನಕ್ಕರು. ಈಗ ಮಳೆಯಲ್ಲೂ ಕೆಲವು ರಾತ್ರಿ ನಿದ್ದೆ ಬರುತ್ತದೆ, ಎಲ್ಲ ರಾತ್ರಿ ಅಲ್ಲ. ಆಸ್ಪತ್ರೆ ಮೆಟ್ಟಿಲು ಹತ್ತಲು ಮುಜುಗರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹೊರಡುವಾಗ ಅಣ್ಣ ಮೆಲ್ಲ ಕೇಳಿದ: ನೆರೆ ಬಂದಾಗಿನಿಂದ ಅವನು ಬೈಕನ್ನು ಅಂಗಳಕ್ಕೆ ಇಳಿಸಿಲ್ಲ, ಮೇಲಿನ ರಸ್ತೆಯಲ್ಲೇ ನಿಲ್ಲಿಸುತ್ತಾನೆ. ಅವನಿಗೂ ಇದೇನಾ? "ನಿದ್ದೆ ಬರುತ್ತದಲ್ಲ? ಕೆಲಸ ನಡೆಯುತ್ತದಲ್ಲ?" ಅಂದರು ಡಾಕ್ಟರ್. ಹೌದು ಅಂದ. "ಹಾಗಾದರೆ ಅದು ಕಾಯಿಲೆ ಅಲ್ಲ. ತೋಡಿನ ಬದಿ ಮನೆ ಇದ್ದವರು ಬೈಕ್ ಅಲ್ಲೇ ಇಡಬೇಕು."