‘ಎಲ್ಲ ಗೊತ್ತಿರೋದೇ ಅಲ್ವಾ ಮೇಡಂ?’

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಿಂದಲೇ ಶುರು. ‘ಮೇಡಂ, ಮಗಳಿಗೆ ಪಿಯುಸಿಲಿ ಸಮಾಜಶಾಸ್ತ್ರ ಇರೋ ಕಾಂಬಿನೇಷನ್ ಸಿಕ್ಕಿದೆ. ಅದರಲ್ಲಿ ಓದೋಕೆ ಏನಿದೆ? ಕುಟುಂಬ, ಮದುವೆ, ಜಾತಿ, ಹಳ್ಳಿ. ಎಲ್ಲ ಗೊತ್ತಿರೋದೇ ಅಲ್ವಾ?’ ಹದಿನೈದು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಪ್ರಶ್ನೆ ಬದಲಾಗಿಲ್ಲ. ಒಮ್ಮೊಮ್ಮೆ ಕೇಳುವವರು ಸೈನ್ಸ್ ಲೆಕ್ಚರರ್‌ಗಳೇ. ಸ್ಟಾಫ್ ರೂಮಿನಲ್ಲಿ, ಟೀ ಕುಡಿಯುತ್ತಾ.

ಹೌದು, ಗೊತ್ತಿರೋದೇ. ಕಷ್ಟ ಇರೋದೂ ಅಲ್ಲೇ. ದಿನಾ ಕಣ್ಣಿಗೆ ಬೀಳುವುದನ್ನು ಯಾರೂ ನಿಂತು ನೋಡುವುದಿಲ್ಲ.

ಮೊದಲ ದಿನ ನಾನು ಪುಸ್ತಕ ತೆಗೆಸುವುದಿಲ್ಲ. ಬೋರ್ಡ್ ಮೇಲೆ ‘ಅತ್ತೆ’ ಅಂತ ಬರೆದು, ಯಾರ್‍ಯಾರನ್ನು ಹೀಗೆ ಕರೀತೀರಿ ಅಂತ ಕೇಳುತ್ತೇನೆ. ಅಪ್ಪನ ಅಕ್ಕ-ತಂಗಿ, ಸೋದರಮಾವನ ಹೆಂಡತಿ, ಗಂಡನ ತಾಯಿ, ಹೆಂಡತಿಯ ತಾಯಿ. ಹಿಂದಿಯಲ್ಲಿ ಬುವಾ, ಮಾಮಿ, ಸಾಸ್ ಅಂತ ಬೇರೆ ಬೇರೆ ಹೆಸರಿವೆ. ನಮಗೆ ಒಂದೇ ಯಾಕೆ ಸಾಕಾಯಿತು? ಐದು ನಿಮಿಷ ಗದ್ದಲ. ಆಮೇಲೆ ಹಿಂದಿನ ಬೆಂಚಿನಿಂದ ಯಾರಾದರೂ ಕೂಗುತ್ತಾರೆ: ‘ಸೋದರಮಾವನ ಮಗಳನ್ನ ಮದುವೆಯಾದ್ರೆ ಮಾವನ ಹೆಂಡ್ತೀನೇ ಅತ್ತೆ ಆಗ್ತಾರಲ್ಲ!’ ಅಷ್ಟೇ. ನಮ್ಮ ಕಡೆಯ ಮದುವೆ ಪದ್ಧತಿ ಒಂದು ಪದದೊಳಗೆ ಕೂತಿದೆ. ಉತ್ತರಕ್ಕೂ ದಕ್ಷಿಣಕ್ಕೂ ಇರುವ ಈ ವ್ಯತ್ಯಾಸದ ಬಗ್ಗೆ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲೇ ದೊಡ್ಡ ಪುಸ್ತಕ ಬರೆದರು.

ಒಂದು ವರ್ಷ ಒಬ್ಬ ಮುಸ್ಲಿಂ ಹುಡುಗ ಎದ್ದು, ‘ನಮ್ಮಲ್ಲಿ ಚಿಕ್ಕಪ್ಪನ ಮಗಳನ್ನೂ ಆಗಬಹುದು ಮೇಡಂ’ ಎಂದ. ಇಡೀ ಕ್ಲಾಸು ‘ಅಯ್ಯೋ’ ಎಂದಿತು. ‘ನೀವು ಸೋದರಮಾವನ ಮಗಳನ್ನ ಆಗ್ತೀರಿ ಅಂದ್ರೆ ಉತ್ತರದ ಎಷ್ಟೋ ಊರುಗಳಲ್ಲಿ ಇದೇ ಅಯ್ಯೋ ಕೇಳಿಸುತ್ತೆ’ ಎಂದೆ. ಕ್ಲಾಸು ಗಪ್‌ಚಿಪ್.

ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮಾಡಿದ್ದೂ ಇಂಥದ್ದೇ. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ಉಳಿದರು. ಬರಹದಲ್ಲಿ ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. ಊರಲ್ಲಿ ಯಾರ ಮಾತು ನಡೆಯುತ್ತದೆ, ಜಗಳ ಬಂದರೆ ಯಾರು ಬಗೆಹರಿಸುತ್ತಾರೆ ಎಂದು ಬರೆದುಕೊಂಡರು. ಊರಿನವರಿಗೆ ಇದೇನು ಹೊಸದಲ್ಲ. ಆದರೆ ‘ಪ್ರಬಲ ಜಾತಿ’ (ಜನ, ಜಮೀನು ಹೆಚ್ಚಿದ್ದು ಊರಲ್ಲಿ ತನ್ನ ಮಾತು ನಡೆಸುವ ಜಾತಿ) ಅನ್ನುವ ಮಾತು ನಮಗೆ ಬಂದದ್ದು ಇಂಥ ನೋಟದಿಂದ. ಚುನಾವಣೆ ಬಂದರೆ ಟಿವಿಯವರ ಬಾಯಲ್ಲಿ ಕುಣಿಯುವ ‘ವೋಟ್ ಬ್ಯಾಂಕ್’ ಪದವನ್ನು ಚಾಲ್ತಿಗೆ ತಂದವರೂ ಅವರೇ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ಅವರು ಸಿದ್ಧ ಮಾಡಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪನ್ನೇ ನೆಚ್ಚಿ ಪುಸ್ತಕ ಬರೆದರು. ಅಷ್ಟು ನೆಟ್ಟಗೆ ನೋಡಿದ್ದರು.

ಹಾಗಂತ ನಮ್ಮ ಪಾಠವೆಲ್ಲ ಹೀಗೇ ನಡೆಯುತ್ತದೆ ಅಂದರೆ ಸುಳ್ಳಾಗುತ್ತದೆ. ಜನವರಿ ಬಂತೆಂದರೆ ನಾನೂ ಹಳೇ ಪ್ರಶ್ನೆಪತ್ರಿಕೆ ಹಿಡಿಯುತ್ತೇನೆ. ಸಮಾಜಶಾಸ್ತ್ರದ ಪಿತಾಮಹ ಯಾರು? ಅಗಸ್ಟ್ ಕಾಂಟ್. ಒಂದು ಅಂಕ. ಕೂಡು ಕುಟುಂಬದ ಲಕ್ಷಣಗಳನ್ನು ಗೈಡ್ ನೋಡಿ ಉರು ಹೊಡೆದ ಹುಡುಗನಿಗೆ, ತನ್ನ ಅಜ್ಜನ ಮನೆ ಯಾವಾಗ ಪಾಲಾಯಿತು, ಯಾಕೆ ಆಯಿತು ಅನ್ನುವುದೇ ಗೊತ್ತಿರುವುದಿಲ್ಲ. ಸುಲಭವಾಗಿ ಮಾರ್ಕ್ಸ್ ಬರುತ್ತೆ ಅಂತ ತಗೊಳ್ಳುವವರ ಕಥೆ ಜಾಸ್ತಿ ಹೀಗೇ.

ಇನ್ನು ಕೆಲಸದ ಮಾತು. ಬಿಎ ಮಾಡಿ ಬಿಎಡ್, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ), ಲಾ ಅಂತ ದಾರಿಗಳಿವೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಐಚ್ಛಿಕ ವಿಷಯವಾಗಿಯೂ ತಗೋಬಹುದು. ಪಿಯುಸಿಯಲ್ಲಿ ಓದಿದ ಮಾತ್ರಕ್ಕೆ ಕೆಲಸ ಸಿಗಲ್ಲ. ಫಿಸಿಕ್ಸ್ ಓದಿದ ಮಾತ್ರಕ್ಕೂ ಸಿಗಲ್ಲ ಬಿಡಿ.

ಈಗ ಲಿಖಿತ ಪರೀಕ್ಷೆ 80ಕ್ಕೆ, ಉಳಿದ 20 ಆಂತರಿಕ ಅಂಕ. ಅದಕ್ಕೆ ಮಕ್ಕಳು ತರುವ ಪ್ರಾಜೆಕ್ಟ್‌ಗಳಲ್ಲಿ ಅರ್ಧಕ್ಕರ್ಧ ನೆಟ್‌ನಿಂದ ಇಳಿಸಿದ್ದು. ಒಬ್ಬಳು ಮಾತ್ರ ಅಮ್ಮನ ಸ್ತ್ರೀಶಕ್ತಿ ಸಂಘದ ಸಾಲದ ಲೆಕ್ಕ ಬರೆದು ತಂದಿದ್ದಳು. ರೂಲ್ ಹಾಳೆ, ಓರೆಕೋರೆ ಗೆರೆ. ಸಾಲ ಯಾರ ಹೆಸರಲ್ಲಿ, ದುಡ್ಡು ಯಾತಕ್ಕೆ ಹೋಯಿತು, ಕಂತು ಯಾರು ಕಟ್ಟುತ್ತಾರೆ ಅಂತ ಮೂರು ಕಾಲಂ. ಹನ್ನೊಂದು ಮನೆ ಸುತ್ತಿ ಕೇಳಿದ್ದಳು. ತನ್ನ ಮನೆಯನ್ನು ಕೊನೆಗೆ ಸೇರಿಸಿದ್ದಳು: ಅಮ್ಮ, ಅಣ್ಣನ ಬೈಕು, ಅಮ್ಮ.