"ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂಬ ಮೇಲ್ ಬಂದಾಗ

ಬೈಕಂಪಾಡಿಯಿಂದ ಕಾರ್ಕಳದವರೆಗಿನ ಗೇರುಬೀಜ ಫ್ಯಾಕ್ಟರಿಗಳ ಕಂಪ್ಯೂಟರ್ ನೋಡಿಕೊಳ್ಳುವವರು ವೈರಸ್‌ಗಿಂತ ಹೆಚ್ಚು ಹೆದರಬೇಕಾದದ್ದು ಎರಡು ಸಾಲಿನ ಒಂದು ಮೇಲ್‌ಗೆ: "ಆಡಿಟ್ ಇರುವುದರಿಂದ ಹಳೆಯ ಖಾತೆ ಸದ್ಯ ಬಳಕೆಯಲ್ಲಿಲ್ಲ. ಈ ಸಲದ ಹಣ ಹೊಸ ಖಾತೆಗೆ ಹಾಕಿ."

ಐವರಿ ಕೋಸ್ಟ್, ತಾಂಜಾನಿಯಾ, ಗಿನಿ ಬಿಸಾವುಗಳಿಂದ ಹಸಿ ಬೀಜ ಪಣಂಬೂರು ಬಂದರಿಗೆ ಬರುತ್ತದೆ, ಹಣ ಟಿಟಿಯಲ್ಲಿ, ಅಂದರೆ ಬ್ಯಾಂಕಿನಿಂದ ವಿದೇಶದ ಬ್ಯಾಂಕಿಗೆ ನೇರ ವರ್ಗಾವಣೆಯಲ್ಲಿ, ಹೋಗುತ್ತದೆ. ಮಾಲು ಆಫ್ರಿಕಾದ್ದು, ದಲ್ಲಾಳಿ ದುಬೈನಲ್ಲೋ ಸಿಂಗಾಪುರದಲ್ಲೋ ಇರುತ್ತಾನೆ. ಹಾಗಾಗಿ ಖಾತೆ ಮೂರನೇ ದೇಶದಲ್ಲಿದ್ದರೂ ನಮ್ಮ ಅಕೌಂಟ್ಸ್ ಸೆಕ್ಷನ್‌ಗೆ ಅದೇನೂ ವಿಚಿತ್ರ ಎನಿಸುವುದಿಲ್ಲ. ಕಳ್ಳನಿಗೆ ಬೇಕಾದದ್ದೂ ಇಷ್ಟೇ. ಅವನು ಹೊರಗಿನಿಂದ ಕಲ್ಲು ಹೊಡೆಯುವವನಲ್ಲ. ನಮ್ಮ ಅಥವಾ ಮಾರುವವರ ಮೇಲ್‌ಬಾಕ್ಸ್‌ನೊಳಗೆ ಕೂತು, ವಾರಗಟ್ಟಲೆ ಓದಿ, ಬಿಎಲ್ (ಮಾಲು ಹಡಗಿಗೆ ಏರಿದ್ದಕ್ಕೆ ಸಿಗುವ ಪತ್ರ) ಕಾಪಿ ಬಂದು ಹಣ ಹೋಗಬೇಕಾದ ಹೊತ್ತಿಗೆ ಸರಿಯಾಗಿ ಅದೇ ಹಳೆಯ ಮಾತುಕತೆಯ ಬಾಲಕ್ಕೆ ಉತ್ತರ ಜೋಡಿಸುತ್ತಾನೆ. ಇನ್‌ವಾಯ್ಸ್ ನಂಬರ್, ಕಂಟೇನರ್ ನಂಬರ್ ಎಲ್ಲ ಅಸಲಿ. ನಕಲಿ ಇರುವುದು ಖಾತೆ ಸಂಖ್ಯೆ ಒಂದೇ.

ಹಿಂದೆ ಹರಕು ಇಂಗ್ಲಿಷ್ ನೋಡಿ ಅನುಮಾನ ಬರುತ್ತಿತ್ತು. ಈಗ ಎಐ ಅದನ್ನು ತಿದ್ದಿ ಕೊಡುತ್ತದೆ. ಎಷ್ಟೋ ಸಲ ಅಸಲಿ ವ್ಯಾಪಾರಿಯ ಮೇಲ್‌ನಲ್ಲೇ ತಪ್ಪುಗಳು ಹೆಚ್ಚು! ಧ್ವನಿ, ಮುಖಗಳೂ ಸಾಕ್ಷಿಯಾಗಿ ಉಳಿದಿಲ್ಲ. ಅರಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಕಚೇರಿಯ ಉದ್ಯೋಗಿಯೊಬ್ಬರು 2024ರಲ್ಲಿ ವಿಡಿಯೊ ಕಾಲ್‌ನಲ್ಲಿ ಕಂಡ ಡೀಪ್‌ಫೇಕ್ ಮೇಲಧಿಕಾರಿಗಳನ್ನು ನಂಬಿ 15 ಕಂತುಗಳಲ್ಲಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿದ್ದರು. ನಮ್ಮ ಧಣಿ ವಾಯ್ಸ್ ಮೆಸೇಜ್ ಹಾಕುವುದು ತುಳುವಿನಲ್ಲಿ ಮಾತ್ರ, ಅದನ್ನು ಯಾರು ನಕಲು ಮಾಡುತ್ತಾರೆ ಎಂಬ ಧೈರ್ಯದಲ್ಲೂ ಕೂರಬೇಡಿ.

ಉಪಾಯ ಒಂದೇ: ಖಾತೆ ಬದಲಾವಣೆಯ ಸುದ್ದಿ ಯಾವ ದಾರಿಯಲ್ಲಿ ಬಂತೋ ಆ ದಾರಿಯಲ್ಲಿ ಅದನ್ನು ಖಚಿತಪಡಿಸಿಕೊಳ್ಳಬಾರದು. ಮೇಲ್‌ಗೆ ಮೇಲ್‌ನಲ್ಲೇ "ನಿಜವೇ?" ಎಂದು ಕೇಳಿದರೆ "ಹೌದು" ಎನ್ನುವವನು ಕಳ್ಳನೇ. ಆ ಮೇಲ್‌ನ ಕೆಳಗಿರುವ ಫೋನ್ ನಂಬರೂ ಅವನದೇ. ಕರೆ ಹೋಗಬೇಕಾದದ್ದು ಮೊದಲ ವ್ಯವಹಾರದ ಕರಾರುಪತ್ರದಲ್ಲಿ ಇರುವ ನಂಬರಿಗೆ. ಖಾತೆ ಸಂಖ್ಯೆಯನ್ನು ನಾವು ಓದಿ ಹೇಳಿ ಹೂಂ ಅನ್ನಿಸಿಕೊಳ್ಳುವುದಲ್ಲ, ಅವರ ಬಾಯಲ್ಲೇ ಇಡೀ ಸಂಖ್ಯೆ ಹೇಳಿಸಬೇಕು. ಯಾರು, ಯಾವ ನಂಬರಿಗೆ, ಎಷ್ಟು ಗಂಟೆಗೆ ಮಾತಾಡಿದರು ಎಂದು ಇನ್‌ವಾಯ್ಸ್ ಮೇಲೆಯೇ ಬರೆದು ಸಹಿ. ಹೊಸ ಖಾತೆಗೆ ಮೊದಲ ಹಣ 24 ಗಂಟೆ ಬಿಟ್ಟು.

ಇದು ಎಲ್ಲರಿಗೂ ಗೊತ್ತು, ಆದರೂ ಫೋನ್ ಮಾತ್ರ ಹೋಗುವುದಿಲ್ಲ. ಕಾರಣ ಸಂಕೋಚ. "ಅವರ ಇಂಗ್ಲಿಷ್ ನಮಗೆ ಅರ್ಥ ಆಗುದಿಲ್ಲ ಮಾರ್ರೆ, ಅಲ್ಲಿ ಎಲ್ಲ ಫ್ರೆಂಚ್." ಅಂಕಿಗಳನ್ನು ಕೇಳಿ ಬರೆದುಕೊಳ್ಳಲು ಭಾಷೆ ಅಷ್ಟೇನೂ ಬೇಡ. ಸಮಯದ ನೆಪವೂ ನಿಲ್ಲುವುದಿಲ್ಲ: ನಮ್ಮಲ್ಲಿ ಸಂಜೆ 6 ಆದಾಗ ಅಬಿಜಾನ್‌ನಲ್ಲಿ ಮಧ್ಯಾಹ್ನ 12.30, ದಾರ್ ಎಸ್ ಸಲಾಮ್‌ನಲ್ಲಿ 3.30.

ಎರಡನೇ ತೂತು ನೆಟ್‌ಬ್ಯಾಂಕಿಂಗ್‌ನದು. ಬ್ಯಾಂಕ್ ಪಾವತಿ ತುಂಬಲು ಮೇಕರ್, ಅದನ್ನು ನೋಡಿ ಒಪ್ಪಲು ಚೆಕರ್ ಎಂದು ಇಬ್ಬರನ್ನು ಇಟ್ಟಿರುತ್ತದೆ. ಧಣಿ ಊರಲ್ಲಿರುವುದಿಲ್ಲ ಎಂದು ಎರಡೂ ಪಾಸ್‌ವರ್ಡ್ ಒಬ್ಬರ ಡ್ರಾಯರ್‌ಗೆ ಬಂದು ಸೇರುತ್ತವೆ. ಹಾಗಾದ ಮೇಲೆ ಚೆಕರ್ ಇದ್ದೂ ಇಲ್ಲ.

ಮೇಲ್‌ಬಾಕ್ಸ್ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಔಟ್‌ಲುಕ್‌ನಲ್ಲಿ ರೂಲ್ಸ್ ಮತ್ತು ಫಾರ್ವರ್ಡಿಂಗ್, ಜಿಮೇಲ್‌ನಲ್ಲಿ ಫಿಲ್ಟರ್ಸ್ ಮತ್ತು ಫಾರ್ವರ್ಡಿಂಗ್ ತೆರೆದು ನೋಡಿ. ಬರೀ ಒಂದು ಚುಕ್ಕಿ ಹೆಸರಿನ ರೂಲ್ ಇದ್ದು, ಮಾರುವವರ ಮೇಲ್‌ಗಳನ್ನು ಯಾರೂ ತೆರೆಯದ ಆರ್‌ಎಸ್‌ಎಸ್ ಫೀಡ್ಸ್ ಫೋಲ್ಡರ್‌ಗೆ ತಳ್ಳುತ್ತಿದ್ದರೆ ಒಳಗೆ ಯಾರೋ ಇದ್ದಾರೆ. ಆಗ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು, ಮೊದಲೇ ಲಾಗಿನ್ ಆಗಿರುವ ಅವನ ಸೆಷನ್ ಜೀವಂತ ಇರಬಹುದು. ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿಸಿ, ಎರಡನೇ ಹಂತದ ಪರಿಶೀಲನೆಗೆ ಸೇರಿಸಿರುವ ಫೋನ್‌ಗಳು ನಿಮ್ಮವೇ ಎಂದು ನೋಡಿ, ಅನುಮತಿ ಪಡೆದ ಹೊರಗಿನ ಆ್ಯಪ್‌ಗಳನ್ನು ತೆಗೆಯಬೇಕು. ಒಟಿಪಿಯನ್ನೂ ನಕಲಿ ಲಾಗಿನ್ ಪುಟ ಆ ಕ್ಷಣದಲ್ಲೇ ಅಸಲಿ ಪುಟಕ್ಕೆ ದಾಟಿಸುತ್ತದೆ. ಪಾಸ್‌ವರ್ಡ್ ಬದಲು ಫೋನ್ ಅಥವಾ ಕಂಪ್ಯೂಟರಿನಲ್ಲೇ ಇರುವ ಪಾಸ್‌ಕೀ ಹಾಗಲ್ಲ, ಅದು ನೋಂದಾಯಿಸಿದ ಡೊಮೇನ್‌ಗೆ (ವೆಬ್ ವಿಳಾಸಕ್ಕೆ) ಮಾತ್ರ ಕೆಲಸ ಮಾಡುತ್ತದೆ. ಧಣಿ ಮತ್ತು ಅಕೌಂಟೆಂಟ್ ಇಬ್ಬರಿಗಾದರೂ ಮೊದಲು ಅದನ್ನು ಮಾಡಿಕೊಡಿ.

ನಮ್ಮ ವಿಳಾಸದ ಹೆಸರಲ್ಲಿ ಬೇರೆಯವರು ಮೇಲ್ ಕಳಿಸದಂತೆ ತಡೆಯುವ ಡಿಮಾರ್ಕ್ ಹಾಕಿಸಿದ್ದೇವೆ, ಭಯವಿಲ್ಲ ಎನ್ನುವವರಿದ್ದಾರೆ. ಹೆಚ್ಚಿನವರದು "ನನ್" (none) ಎಂಬ ನೀತಿಯಲ್ಲೇ ನಿಂತಿರುತ್ತದೆ. ಅದು ವರದಿ ತರಿಸುತ್ತದೆ ಹೊರತು ಏನನ್ನೂ ತಡೆಯುವುದಿಲ್ಲ. ವರದಿ ನೋಡಿಕೊಂಡು ಕ್ವಾರಂಟೈನ್ (ಸ್ಪ್ಯಾಮ್‌ಗೆ ತಳ್ಳುವುದು), ನಂತರ ರಿಜೆಕ್ಟ್‌ಗೆ (ತಿರಸ್ಕರಿಸುವುದು) ಏರಿಸಬೇಕು. ಅದಾದರೂ ತಡೆಯುವುದು ನಿಮ್ಮ ಡೊಮೇನ್ ಹೆಸರಲ್ಲಿ ಹೋಗುವ ಸುಳ್ಳು ಮೇಲನ್ನು. ಎಂ ಅಕ್ಷರದ ಜಾಗದಲ್ಲಿ ಆರ್ ಮತ್ತು ಎನ್ ಒತ್ತಾಗಿ ಕೂರಿಸಿದ ಬೇರೆಯೇ ಡೊಮೇನ್ ಅದರ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು, ಫ್ರೆಂಚ್ ಇನ್‌ವಾಯ್ಸ್ ಅನುವಾದಕ್ಕೆ ಉಚಿತ ಎಐ ಚಾಟ್‌ಗೆ ಇಡೀ ಪಿಡಿಎಫ್ ಹಾಕುವ ಅಭ್ಯಾಸ. ಖಾತೆ ಸಂಖ್ಯೆ ಅಳಿಸಿ ಹಾಕಿ. ಮೇಲೆ ಕಪ್ಪು ಪಟ್ಟಿ ಎಳೆದರೆ ಅಡಿಯ ಅಕ್ಷರ ಹಾಗೇ ಇರುತ್ತದೆ. ಬೇಕಾದ ಭಾಗವನ್ನಷ್ಟೇ ನಕಲಿಸಿ ಅಂಟಿಸುವುದು ಸುಲಭ.

ಹಣ ಹೋಗಿಯೇಬಿಟ್ಟರೆ ಮೊದಲ ಕರೆ ಬ್ಯಾಂಕಿನ ಫಾರೆಕ್ಸ್ ವಿಭಾಗಕ್ಕೆ. ಪಾವತಿಯ ಸ್ವಿಫ್ಟ್ ಸಂದೇಶದ (ಹಿಂದೆ ಎಂಟಿ103, 2025ರ ನವೆಂಬರ್‌ನಿಂದ ಪ್ಯಾಕ್ಸ್.008) ಪ್ರತಿ ತೆಗೆದು, ಅದರಲ್ಲಿರುವ ಪಾವತಿಯ ಗುರುತು, ಅಂದರೆ 36 ಅಕ್ಷರಗಳ ಯುಇಟಿಆರ್ ಸಂಖ್ಯೆ ಕೊಟ್ಟು, ವಂಚನೆ ಎಂದು ಸ್ಪಷ್ಟವಾಗಿ ಬರೆದು ಸ್ವಿಫ್ಟ್ ರೀಕಾಲ್ (ಹಣ ವಾಪಸ್ ಕೋರಿಕೆ) ಕೇಳಿ. ಅಲ್ಲಿ ಖಾತೆಗೆ ಜಮೆ ಆಗಿಬಿಟ್ಟರೆ ಸಾಮಾನ್ಯವಾಗಿ ಖಾತೆದಾರನ ಒಪ್ಪಿಗೆಯನ್ನೇ ಕೇಳುತ್ತಾರೆ, ಹಾಗಾಗಿ ಗಂಟೆಗಳ ಲೆಕ್ಕ ಇದು. ಜೊತೆಗೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಮಂಗಳೂರಾದರೂ ಉಡುಪಿಯಾದರೂ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಯಲ್ಲಿ ದೂರು. ಮೇಲ್‌ಬಾಕ್ಸ್‌ಗೆ ಯಾರೋ ನುಗ್ಗಿದ್ದು ತಿಳಿದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಹೋಗಬೇಕು, 180 ದಿನಗಳ ಲಾಗ್ (ಕಂಪ್ಯೂಟರ್ ತಾನೇ ಬರೆದಿಡುವ ಚಟುವಟಿಕೆಯ ದಾಖಲೆ) ಇರಬೇಕು. ಇವು ಆ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿವೆ. ಸಿಟ್ಟಿನಲ್ಲಿ ಆ ಮೇಲ್ ಡಿಲೀಟ್ ಮಾಡಬೇಡಿ. ಬೇರೆಯವರಿಗೆ ಫಾರ್ವರ್ಡ್ ಮಾಡಿದರೆ ಮೂಲ ಹೆಡರ್ (ಮೇಲ್ ಎಲ್ಲಿಂದ ಬಂತೆಂಬ ಒಳಗಿನ ವಿವರ) ಹೋಗಿಬಿಡುತ್ತದೆ, ಫೈಲಾಗಿಯೇ ಉಳಿಸಿ.

ಮುಂಗಡವಾಗಿ ಕಳಿಸಿದ ಹಣವಾದರೆ ಆಮೇಲೂ ಒಂದು ಬಾಲ ಉಳಿಯುತ್ತದೆ. ಆ ಪಾವತಿ ರಿಸರ್ವ್ ಬ್ಯಾಂಕಿನ ಆಮದು ನಿಗಾ ವ್ಯವಸ್ಥೆಯಾದ ಐಡಿಪಿಎಂಎಸ್‌ನಲ್ಲಿ ದಾಖಲಾಗಿರುತ್ತದೆ. ಅದಕ್ಕೆ ಸರಿದೂಗುವ ಬಿಲ್ ಆಫ್ ಎಂಟ್ರಿ (ಆಮದಾದ ಮಾಲಿಗೆ ಕಸ್ಟಮ್ಸ್‌ನಲ್ಲಿ ಸಲ್ಲಿಸುವ ಪತ್ರ) ಬರುವುದೇ ಇಲ್ಲ, ಎಂಟ್ರಿ ತೆರೆದೇ ಇರುತ್ತದೆ, ಬ್ಯಾಂಕ್ ಪತ್ರದ ಮೇಲೆ ಪತ್ರ ಬರೆಯುತ್ತದೆ. ಆಗ ಕೈಹಿಡಿಯುವುದು ದೂರಿನ ಪ್ರತಿ ಮತ್ತು ರೀಕಾಲ್ ಪತ್ರ. ಎರಡನ್ನೂ ಅದೇ ಇನ್‌ವಾಯ್ಸ್ ಫೈಲಿಗೆ ಸೇರಿಸಿಡಿ.